ಒಂಟಿ ಹಲ್ಲೋ, ಜೋಡಿ ಹಲ್ಲೋ?

ನನಗೆ ಒಂದು ವಸ್ತು ತೋರಿಸಿದರೆ ತೊಂದರೆಯಿಲ್ಲ, ತಕ್ಷಣ ತೆಗೆದುಕೊಳ್ಳುತ್ತೇನೆ. ಹತ್ತು ತೋರಿಸಿದರೂ ತೊಂದರೆಯಿಲ್ಲ, ತಲೆ ತಿರುಗಿ ಬರಿಗೈಯಲ್ಲಿ ಮನೆಗೆ ಬರುತ್ತೇನೆ. ನನ್ನನ್ನು ಕೊಲ್ಲುವುದು ಎರಡು. ಎರಡು ಜೊತೆ ಚಪ್ಪಲಿ, ಎರಡು ಬಗೆಯ ಬದನೆಕಾಯಿ, ಎರಡು ಬಸ್ಸು. ಶಿವಮೊಗ್ಗದ ನಿಲ್ದಾಣದಲ್ಲಿ ಭದ್ರಾವತಿಗೆ ಹೋಗುವ ಸರ್ಕಾರಿ ಬಸ್ಸೂ ಖಾಸಗಿ ಬಸ್ಸೂ ಒಟ್ಟಿಗೆ ಹಾರನ್ ಬಾರಿಸುತ್ತಾ ನಿಂತಿದ್ದಾಗ, ಯಾವುದು ಮೊದಲು ಮುಟ್ಟೀತೆಂದು ಯೋಚಿಸುತ್ತಾ ಎರಡನ್ನೂ ಕಣ್ಣೆದುರೇ ಬಿಟ್ಟುಕೊಂಡವನು ನಾನು. ಒಮ್ಮೆ ಮನೆಯವರನ್ನೆಲ್ಲ ತ್ಯಾವರೆಕೊಪ್ಪಕ್ಕೆ ಕರೆದುಕೊಂಡು ಹೋಗಿದ್ದೆ. ಸಫಾರಿ ವ್ಯಾನಿನಲ್ಲಿ ಎಡಗಡೆ ಕಿಟಕಿಯ ಬಳಿ ಕೂತೆ, ಬಲಗಡೆ ಹುಲಿ ಕಂಡಿತು. ಎದ್ದು ಬಲಗಡೆಗೆ ಹೋದೆ, ಎಡಗಡೆ ಸಿಂಹ ಕಂಡಿತು. ನಾನು ಆ ದಿನ ನೋಡಿದ್ದು ನಾಡಿನ ನಾನಾ ಕಡೆಯಿಂದ ಬಂದ ಪ್ರವಾಸಿಗರ ಬೆನ್ನುಗಳನ್ನು ಮಾತ್ರ.

ನನ್ನ ಮದುವೆ ಆದದ್ದೇ ನನ್ನ ಮಾವನವರಿಗೆ ಒಬ್ಬಳೇ ಮಗಳಿದ್ದದ್ದರಿಂದ. ಹೆಣ್ಣು ನೋಡಲು ಭದ್ರಾವತಿಗೆ ಹೋದಾಗ ಒಂದೇ ತಟ್ಟೆಯಲ್ಲಿ ಉಪ್ಪಿಟ್ಟೂ ಕೇಸರಿಬಾತೂ ಇಟ್ಟು ಕೊಟ್ಟರು. ಯಾವುದಕ್ಕೆ ಮೊದಲು ಕೈ ಹಾಕಲಿ ಎಂದು ನಾನು ತಲೆ ತಗ್ಗಿಸಿ ಕೂತದ್ದನ್ನು ಕಂಡು, ಹುಡುಗ ಬಹಳ ಗಂಭೀರ ಸ್ವಭಾವದವನೆಂದು ಅವರು ಒಪ್ಪಿಬಿಟ್ಟರು. ನಿಜ ಸಂಗತಿ ನನ್ನ ಹೆಂಡತಿ ಗಿರಿಜೆಗೆ ಮದುವೆಯಾದ ಮೊದಲ ವಾರದಲ್ಲೇ ಗೊತ್ತಾಯಿತು. ಸೀರೆ ಅಂಗಡಿಗೆ ಜೊತೆಯಲ್ಲಿ ಹೋಗಿದ್ದೆವು. ಅವಳು ಇಷ್ಟಪಟ್ಟು ಎರಡು ಸೀರೆ ಎತ್ತಿಟ್ಟಳು. ನಾನು ಸಂಜೆಯವರೆಗೆ ‘ಅದಾ? ಇದಾ?’ ಎನ್ನುತ್ತಾ ಕೂತೆ. ಅಂಗಡಿಯವನು ಕೊನೆಗೆ ಎರಡನ್ನೂ ಮಡಚಿ ಒಳಗಿಟ್ಟು ದೀಪ ಹಚ್ಚಿ ಕೈ ಮುಗಿದ.

ಇಂಥ ನನ್ನ ಕೈಗೆ ನನ್ನ ಅತ್ತೆಯ ದನಿ ಬಂತು ಎಂಬುದೇ ಈ ಕಥೆ. ದನಿ ಎಂದರೆ ಬೈಗುಳವಲ್ಲ, ನಿಜವಾದ ದನಿ. ನನ್ನ ಅತ್ತೆ ಗೌರಮ್ಮನವರು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಮೂವತ್ತು ವರ್ಷ ಆರತಿ ಹಾಡು ಹೇಳಿದವರು. ಆ ಬೀದಿಯಲ್ಲಿ ತಮಿಳರು, ತೆಲುಗರು, ನಮ್ಮವರು ಎಲ್ಲರೂ ಇದ್ದರು. ಮಾತು ಅರ್ಥವಾಗದವರೂ ಮಗಳ ಮದುವೆ ಬಂತೆಂದರೆ ತಾಂಬೂಲ ಹಿಡಿದು ಬಂದು ಅತ್ತೆಯನ್ನು ಕರೆಯುತ್ತಿದ್ದರು. ಹಾಡಿದರೆ ಚಪ್ಪರದ ಆ ಕಡೆ ಒಲೆಯ ಮುಂದಿದ್ದ ಅಡಿಗೆಯವರೂ ಸೌಟು ನಿಲ್ಲಿಸಿ ಕೇಳಬೇಕು, ಅಂಥ ಕಂಠ. ಆಮೇಲೆ ಗಂಟಲಿಗೆ ಗಡ್ಡೆ ಬಂದು ಆಪರೇಷನ್ ಆಯಿತು. ಜೀವಕ್ಕೆ ಏನೂ ಆಗಲಿಲ್ಲ, ದನಿ ಮಾತ್ರ ಹೋಯಿತು. ಉಳಿದದ್ದು ಒಂದು ಪಿಸುಗುಟ್ಟುವ ಗೊಗ್ಗರು ಸ್ವರ. ಆಪರೇಷನ್ನಿಗೆ ಎರಡು ದಿನ ಮುಂಚೆ, ಅದೃಷ್ಟಕ್ಕೆ, ಗಿರಿಜಾ ತಾಯಿಯನ್ನು ಕೂರಿಸಿಕೊಂಡು ಆ ಆರತಿ ಹಾಡನ್ನು ತನ್ನ ಮೊಬೈಲಿನಲ್ಲಿ ಹಿಡಿದಿಟ್ಟಿದ್ದಳು.

ಆ ಮೊಬೈಲೋ, ಹೆಸರಿಲ್ಲದ ಕಂಪನಿಯದು. ಕಂಪ್ಯೂಟರಿಗೆ ಜೋಡಿಸುವ ಅದರ ವೈರು ಇಡೀ ಶಿವಮೊಗ್ಗದಲ್ಲಿ ಸಿಗಲಿಲ್ಲ. ಅದಕ್ಕೆ ಮೆಮೊರಿ ಕಾರ್ಡು ಹಾಕುವ ಜಾಗವೂ ಇರಲಿಲ್ಲ. ಸಾಲದ್ದಕ್ಕೆ ಬ್ಯಾಟರಿ ಹೊಟ್ಟೆ ಉಬ್ಬಿ, ಆನ್ ಮಾಡಿದರೆ ನಾಲ್ಕು ನಿಮಿಷಕ್ಕೆ ಸತ್ತುಹೋಗುವ ಸ್ಥಿತಿಗೆ ಬಂದಿತ್ತು. ಸ್ಪೀಕರು ಮೊದಲೇ ಕೆಟ್ಟಿತ್ತು. ಅದರೊಳಗಿನ ಹಾಡು ಹೊರಗೆ ಬರಲು ಇದ್ದ ಒಂದೇ ಬಾಗಿಲು ಬ್ಲೂಟೂತ್. ನನ್ನ ಫೋನೂ ನನ್ನ ಭಾವಮೈದ ಚಂದ್ರಣ್ಣನ ಫೋನೂ ಟಾರ್ಚ್ ಇದ್ದದ್ದನ್ನೇ ದೊಡ್ಡದೆಂದುಕೊಂಡ ಜಾತಿಯವು. ಅಷ್ಟರಲ್ಲಿ ಚಂದ್ರಣ್ಣನ ಮಗಳು ಶ್ವೇತಾಳ ಮದುವೆ ಗೊತ್ತಾಯಿತು. ನಿಶ್ಚಿತಾರ್ಥದ ದಿನ ಅತ್ತೆ ನನ್ನ ಕೈ ಹಿಡಿದುಕೊಂಡು ಪಿಸುಗುಟ್ಟಿದರು: “ಅಳಿಯಂದ್ರೇ, ಮೊಮ್ಮಗಳಿಗೆ ನನ್ ಆರತಿ ಹಾಡೇ ಆಗ್ಬೇಕು ಅಂತ ಆಸೆ. ಆ ಡಬ್ಬದಿಂದ ಬಂದ್ರೂ ಸರಿ.” ಅವರ ಕಣ್ಣಲ್ಲಿ ನೀರಿತ್ತು. ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. “ಅತ್ತೆ, ನೀವು ಚಿಂತೆ ಬಿಡಿ. ನನ್ ಲ್ಯಾಪ್‌ಟಾಪಲ್ಲಿ ಬ್ಲೂಟೂತಿದೆ. ಮಂಟಪದಲ್ಲೇ ಹಾಡಿಸ್ತೀನಿ” ಎಂದು ಎಲ್ಲರ ಎದುರು ಹೇಳಿಬಿಟ್ಟೆ.

ಆ ಲ್ಯಾಪ್‌ಟಾಪನ್ನು ವರ್ಗವಾಗಿ ಹೋಗುತ್ತಿದ್ದ ಬ್ಯಾಂಕಿನ ಅಧಿಕಾರಿಯೊಬ್ಬರಿಂದ ಕೊಂಡಿದ್ದೆ. ಎರಡು ಸಾವಿರದ ಏಳನೆಯ ಇಸವಿ ಇರಬೇಕು. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು, ಪ್ರಶ್ನೆಪತ್ರಿಕೆ ಟೈಪು ಮಾಡಲು ಬೇಕಿತ್ತು. ಅವರು ಮಾರುತ್ತಿದ್ದದ್ದು ಒಂದೇ ಲ್ಯಾಪ್‌ಟಾಪು, ಹಾಗಾಗಿ ಐದು ನಿಮಿಷದಲ್ಲಿ ವ್ಯಾಪಾರ ಮುಗಿದಿತ್ತು. ತೊಡೆಯ ಮೇಲಿಡುವ ಯಂತ್ರವೆಂದು ಹೆಸರು, ಆದರೆ ತೊಡೆಯ ಮೇಲಿಟ್ಟರೆ ಅಲ್ಲೇ ರೊಟ್ಟಿ ಸುಡಬಹುದಿತ್ತು. ಅದರ ಅಂಚಿನಲ್ಲಿ ಸಾಲಾಗಿ ಪುಟ್ಟ ದೀಪಗಳಿದ್ದವು. ಒಂದರ ಪಕ್ಕದಲ್ಲಿ ಬ್ಲೂಟೂತಿನ ಗುರುತು ಅಚ್ಚಾಗಿತ್ತು. ಗುರುತಿದ್ದ ಮೇಲೆ ಸರಕೂ ಇರುತ್ತದೆ ಎಂದು ನಾನು ನಂಬಿದ್ದೆ. ಮನೆಗೆ ಬಂದು ಆ ದೀಪದ ಕೆಳಗಿನ ಗುಂಡಿಯನ್ನು ಒತ್ತಿದೆ. ಮತ್ತೆ ಒತ್ತಿದೆ. ಗಿರಿಜಾ ಬಂದು ನೋಡಿ, “ಕಾಲಿಂಗ್ ಬೆಲ್ಲಾ ಅದು?” ಎಂದಳು.

ಲ್ಯಾಪ್‌ಟಾಪನ್ನು ಬಗಲಿಗೇರಿಸಿಕೊಂಡು ಅಸ್ಲಮನ ಅಂಗಡಿಗೆ ಹೋದೆ. ಗಾಂಧಿಬಜಾರಿನ ಒಂದು ಮಹಡಿಯ ಮೇಲೆ ಅವನ ರಿಪೇರಿ ಅಂಗಡಿ. ನನ್ನ ಓರಗೆಯವನು, ಮೂಗಿನ ತುದಿಯಲ್ಲಿ ಕನ್ನಡಕ. ಮೊದಲು ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದವನು, ಕಾಲ ಬದಲಾದ ಹಾಗೆ ತಾನೂ ಕಂಪ್ಯೂಟರಿಗೆ ಬದಲಾಗಿದ್ದ. ಯಂತ್ರವನ್ನು ಮಗುಚಿ ಹಾಕಿ, ತಿರುಪು ಬಿಚ್ಚಿ, ಒಳಗೆ ಟಾರ್ಚು ಬಿಟ್ಟು, ನಾಲಿಗೆಯಿಂದ ಲೊಚ್ ಎಂದು ಸದ್ದು ಮಾಡಿದ. “ಅರೇ ಮೇಷ್ಟ್ರೇ, ಒಸಡು ಮಾತ್ರ ಇದೆ. ಹಲ್ಲಿಲ್ಲ.” ಕಂಪನಿಯವರು ಬ್ಲೂಟೂತಿಗೆಂದು ಜಾಗ, ದೀಪ, ಗುಂಡಿ ಎಲ್ಲವನ್ನೂ ಎಲ್ಲ ಯಂತ್ರಗಳಿಗೂ ಇಟ್ಟಿರುತ್ತಾರಂತೆ. ಒಳಗೆ ಕೂರುವ ಪುಟ್ಟ ಕಾರ್ಡನ್ನು ಮಾತ್ರ ಕೇಳಿದವರಿಗಷ್ಟೇ ಹಾಕಿ ಕೊಡುತ್ತಾರಂತೆ. ಬ್ಯಾಂಕಿನ ಅಧಿಕಾರಿ ಕೇಳಿರಲಿಲ್ಲ.

ಹಲ್ಲಿನ ಮಾತು ಬಂದದ್ದರಿಂದ ಒಂದು ವ್ಯಾಕರಣದ ಸಂಗತಿ ಹೇಳಬೇಕು, ಕ್ಷಮಿಸಿ, ಹೊಟ್ಟೆಪಾಡು. ಬ್ಲೂಟೂತನ್ನು ನಾನು ಮನಸ್ಸಿನಲ್ಲೇ ‘ನೀಲದಂತ’ ಎಂದು ಕನ್ನಡಿಸಿಕೊಂಡಿದ್ದೆ. ಆದರೆ ಅದು ಯಾವ ಸಮಾಸ? ನೀಲವಾದ ದಂತ ಎಂದರೆ ಕರ್ಮಧಾರಯ. ನೀಲವಾದ ದಂತವುಳ್ಳವನು ಯಾವನೋ ಅವನು ಎಂದರೆ ಬಹುವ್ರೀಹಿ. ಎರಡು! ಎರಡು ರಾತ್ರಿ ನಿದ್ದೆ ಕೆಟ್ಟಿತ್ತು. ಅಸ್ಲಮನಿಗೆ ಈ ಸಂಕಟ ಹೇಳಿದಾಗ ಅವನು ತಿರುಪು ತಿರುಗಿಸುತ್ತಲೇ, “ಅದು ಯಾರೋ ಹಳೇ ಕಾಲದ ರಾಜನ ಹೆಸರಂತೆ ಮೇಷ್ಟ್ರೇ. ಅವನ ಹಲ್ಲು ನೀಲಿ ಇತ್ತಂತೆ” ಎಂದ. ಹಾಗಾದರೆ ಬಹುವ್ರೀಹಿ. ಈ ಇಡೀ ಪ್ರಕರಣದಲ್ಲಿ ನಾನು ಎರಡರಲ್ಲಿ ಒಂದನ್ನು ಸರಿಯಾಗಿ ಆರಿಸಿದ್ದು ಅದೊಂದೇ ಸಲ, ಅದನ್ನೂ ಅಸ್ಲಮನೇ ಆರಿಸಿಕೊಟ್ಟ.

“ಹೊರಗಿಂದ ಚುಚ್ಚೋ ಹಲ್ಲೂ ಬರ್ತದೆ ಮೇಷ್ಟ್ರೇ, ಹೆಬ್ಬೆರಳಷ್ಟು. ಚುಚ್ಚಿ, ಕೆಲಸ ಮುಗಿಸಿ, ತೆಗೆದಿಡಿ. ಐದು ನಿಮಿಷದ ಕೆಲಸ” ಎಂದು ಅಸ್ಲಂ ಮೊದಲು ಹೇಳಿದ್ದನ್ನು ನಾನು ಇಲ್ಲಿ ಮುಚ್ಚಿಡುವುದಿಲ್ಲ. ಆಗಲೇ ಒಪ್ಪಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಬೇಕಾದಾಗ ಹಾಕಿ ಬೇಡವಾದಾಗ ತೆಗೆದಿಡುವ ಹಲ್ಲಿನ ಬಗ್ಗೆ ನನಗೆ ಭಯವಿದೆ. ನಮ್ಮ ಹಿಂದಿನ ಹೆಡ್‌ಮೇಷ್ಟ್ರು ಕಟ್ಟಿಸಿಕೊಂಡ ಹಲ್ಲು ಹಾಕಿಕೊಂಡು ಸ್ವಾತಂತ್ರ್ಯ ದಿನದ ಭಾಷಣ ಮಾಡುತ್ತಿದ್ದರು. ‘ತ್ಯಾಗ’ ಎಂಬ ಪದ ಹೇಳುವಾಗ ಆ ಸೆಟ್ಟು ಹಾರಿ ಮುಂದಿನ ಸಾಲಿನಲ್ಲಿ ಕೂತಿದ್ದ ಅತಿಥಿಗಳ ಮಡಿಲಿಗೆ ಬಿತ್ತು. ಅವರು ಎದ್ದು ನಿಂತು ಅದನ್ನು ಗೌರವದಿಂದ ಹಿಂದಿರುಗಿಸಿದರು. ಅದಲ್ಲದೆ ಯಂತ್ರದ ಮೇಲೆ ಆ ಪುಟ್ಟ ದೀಪ ಇಷ್ಟು ವರ್ಷ ಒಮ್ಮೆಯೂ ಹೊತ್ತದೆ ಕಾದಿದೆ, ಅದಕ್ಕೆ ನ್ಯಾಯ ಒದಗಿಸಬೇಡವೇ? “ಒಳಗೇ ಕೂರಿಸಿ” ಎಂದೆ, ಮಹಾ ಖಡಾಖಂಡಿತವಾಗಿ.

ವಾರ ಬಿಟ್ಟು ಹೋದಾಗ ಅಸ್ಲಂ ಬೆಂಗಳೂರಿನಿಂದ ತರಿಸಿದ್ದ ಎರಡು ಪ್ಲಾಸ್ಟಿಕ್ ಚೀಲಗಳನ್ನು ಮೇಜಿನ ಮೇಲಿಟ್ಟ. ಎರಡು ಎಂದು ಕಂಡ ಕೂಡಲೇ ನನ್ನ ಅಂಗೈ ಬೆವೆತಿತು. ಒಂದು ಒಂಟಿ ಕಾರ್ಡು. ಬರೀ ಬ್ಲೂಟೂತ್, ಉಗುರಿನಷ್ಟು, ಹೊಸ ತರಹದ್ದು, ವೇಗ ಹೆಚ್ಚು. ಇನ್ನೊಂದು ಜೋಡಿ ಕಾರ್ಡು. ಟೆಲಿಫೋನ್ ತಂತಿಯಿಂದ ಇಂಟರ್‌ನೆಟ್ಟಿಗೆ ಹೋಗುವ ಮೋಡೆಮ್ಮೂ ಬ್ಲೂಟೂತೂ ಒಂದೇ ಹಲಗೆಯ ಮೇಲೆ. ಹಳೆಯದು, ನಿಧಾನ, ಆದರೆ ನನ್ನ ಯಂತ್ರಕ್ಕೆಂದೇ ಹುಟ್ಟಿದ್ದು. ಜೋಡಿ ಹಾಕಿದರೆ ಈಗಿರುವ ಮೋಡೆಮ್ಮನ್ನು ಕಿತ್ತು ಬಿಸಾಕಬೇಕು, ಪಾಪ, ಅದು ಏನು ತಪ್ಪು ಮಾಡಿದೆ? ಒಂಟಿ ಹಾಕಿದರೆ ಯಾರನ್ನೂ ಕೀಳಬೇಕಿಲ್ಲ, ಆದರೆ ಅದು ಹೊರಗಿನಿಂದ ಬಂದದ್ದು, ಹೊಂದಿಕೊಂಡು ಬಾಳುತ್ತದೋ ಇಲ್ಲವೋ. “ಅದಾ ಅಸ್ಲಂ? ಇದಾ?” ಎಂದೆ. “ಎರಡೂ ನಡೀತದೆ” ಎಂದ ಅಸ್ಲಂ. ಕನ್ನಡ ಭಾಷೆಯಲ್ಲಿ ನನಗೆ ಇದಕ್ಕಿಂತ ಕ್ರೂರವಾದ ವಾಕ್ಯ ಬೇರೆ ಗೊತ್ತಿಲ್ಲ.

ಮರುದಿನದಿಂದ ಶಾಲೆ ಬಿಟ್ಟ ಮೇಲೆ ಅಸ್ಲಮನ ಸ್ಟೂಲೇ ನನ್ನ ಮನೆಯಾಯಿತು. ಒಂದು ಕಾರ್ಡನ್ನು ಬಲಗೈಯಲ್ಲಿ, ಇನ್ನೊಂದನ್ನು ಎಡಗೈಯಲ್ಲಿ ಹಿಡಿದು ಕೂರುವುದು. ಆಗಾಗ ‘ಅದಾ? ಇದಾ?’ ಎಂದು ಕೇಳುವುದು. ಅಸ್ಲಂ “ಎರಡೂ ನಡೀತದೆ” ಎನ್ನುವುದು. ಹಾಗೆ ಕೂತಾಗ ಅಲ್ಲಿ ರಿಪೇರಿಗೆ ಬಂದಿದ್ದ ಯಂತ್ರಗಳ ಮೇಲೆ ರಬ್ಬರ್ ಬ್ಯಾಂಡಿನಲ್ಲಿ ಸಿಕ್ಕಿಸಿದ ಚೀಟಿಗಳನ್ನು ಓದುವುದು ನನಗೊಂದು ಮಜವಾಯಿತು. ‘ಸಾಗರದ ತುಪ್ಪ’, ‘ಅಳೋ ಲಾಯರ್ರು’, ‘ನಾಳೆ ಬರ್ತೀನಿ ಡಾಕ್ಟ್ರು’, ‘ಅಣ್ಣನ ಬಿಟ್ಟು ತಮ್ಮನಿಗೆ ಕೊಡಬಾರದು’. “ಏನಯ್ಯಾ ಇದು?” ಎಂದೆ. “ಹೆಸರು ಬರೆದ್ರೆ ಆಗಲ್ಲ ಮೇಷ್ಟ್ರೇ. ನನ್ ಹತ್ರ ಹದಿನಾಲ್ಕು ಜನ ಮಂಜುನಾಥ ಇದಾರೆ. ಅದಕ್ಕೆ ಗುರುತು ಬರೀತೀನಿ. ಚೀಟಿ ಉದುರಿ ಹೋಗ್ತದೆ ಅಂತ ಮಿಷಿನ್ ಒಳಗೂ ಅದೇ ಹೆಸರು ಹಾಕಿಟ್ಟಿರ್ತೀನಿ.” ನಾನು ಅಳುವ ಲಾಯರನ್ನು ನೆನೆದು ಹೊಟ್ಟೆ ಹಿಡಿದುಕೊಂಡು ನಕ್ಕೆ. ನನ್ನ ಯಂತ್ರದ ಮೇಲಿದ್ದ ಚೀಟಿಯನ್ನೂ ನೋಡಿದೆ. ‘ದುರ್ಗಿಗುಡಿ ಮೇಷ್ಟ್ರು’ ಎಂದಿತ್ತು. ನಮ್ಮ ಮನೆ ಇರುವುದು ದುರ್ಗಿಗುಡಿಯಲ್ಲಿ. ಸಭ್ಯರಿಗೆ ಸಭ್ಯ ಗುರುತು ಎಂದು ಸಮಾಧಾನಪಟ್ಟೆ.

ತಜ್ಞರ ಅಭಿಪ್ರಾಯ ಪಡೆಯೋಣವೆಂದು ಒಂದು ಭಾನುವಾರ ಎರಡೂ ಕಾರ್ಡು ಕಿಸೆಯಲ್ಲಿಟ್ಟುಕೊಂಡು ಮಾಚೇನಹಳ್ಳಿಗೆ ಹೋದೆ. ಅಲ್ಲಿ ನನ್ನ ಬಾಲ್ಯದ ಗೆಳೆಯ ಪರಮೇಶ ಲೇತ್ ಮಿಷಿನ್ನಿನ ವರ್ಕ್‌ಶಾಪ್ ಇಟ್ಟಿದ್ದಾನೆ. “ಮಾರಾಯ, ಬೋಲ್ಟ್ ಆಗಿದ್ರೆ ಹೇಳ್ತಿದ್ದೆ” ಎಂದ. ಬಿಡಲಿಲ್ಲ ನಾನು. ಅವನು ನಿಟ್ಟುಸಿರುಬಿಟ್ಟು, ವರ್ನಿಯರ್ ತೆಗೆದು, ಎರಡು ಕಾರ್ಡುಗಳ ಉದ್ದ ಅಗಲ ದಪ್ಪ ಅಳೆದು, ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬಿಡದೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಅವನು ಬಹಳ ಹೊತ್ತು ಆ ಗೋಡೆಯನ್ನೇ ನೋಡಿ, “ಎರಡೂ ಬಹಳ ಚೆನ್ನಾಗಿ ಮಾಡಿದಾರೆ ಮಾರಾಯ” ಎಂದ. ಚಹಾ ಕುಡಿಸಿ ಕಳಿಸಿದ.

ಮನುಷ್ಯರು ಕೈಬಿಟ್ಟ ಮೇಲೆ ದೇವರು. ನಮ್ಮ ಕಡೆ ಹೂವಿನ ಪ್ರಸಾದ ಕೇಳುವ ಪದ್ಧತಿ ಇದೆಯಲ್ಲ, ಒದ್ದೆ ಹೂವನ್ನು ದೇವರಿಗೆ ಅಂಟಿಸಿ ಮನಸ್ಸಿನಲ್ಲಿ ಕೇಳಿಕೊಳ್ಳುವುದು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಬೆಳಿಗ್ಗೆ ಸ್ನಾನ ಮಾಡಿ ದೇವರ ಫೋಟೋದ ಬಲಕ್ಕೊಂದು ಸೇವಂತಿಗೆ, ಎಡಕ್ಕೊಂದು ಸೇವಂತಿಗೆ ಅಂಟಿಸಿದೆ. ಬಲ ಎಂದರೆ ಒಂಟಿ, ಎಡ ಎಂದರೆ ಜೋಡಿ. ಕಣ್ಣು ಮುಚ್ಚಿ ಕೂತೆ. ಆಗಲೇ ಒಂದು ಅನುಮಾನ ಬಂತು: ಬಲ ಎಂದರೆ ದೇವರ ಬಲವೋ, ನನ್ನ ಬಲವೋ? ಇದನ್ನು ಬಗೆಹರಿಸುವಷ್ಟರಲ್ಲಿ ಗಿರಿಜಾ ಬಂದು ಫ್ಯಾನ್ ಹಾಕಿದಳು. ಎರಡೂ ಹೂವು ಒಟ್ಟಿಗೆ ಬಿದ್ದವು. “ರೀ, ಪೂಜೆ ಆಗಿದ್ರೆ ಏಳಿ. ಮದುವೆಗೆ ಇನ್ನು ಹತ್ತೇ ದಿನ. ಆ ಫೋನ್ ಬ್ಯಾಟರಿ ನಿಮ್ ದಾರಿ ಕಾಯ್ತಾ ಕೂತಿರಲ್ಲ” ಎಂದಳು. ಅವಳ ಮಾತಿನಲ್ಲಿ ಸಿಟ್ಟಿತ್ತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ ಇತ್ತು. ಅಮ್ಮನ ದನಿ ಅಷ್ಟೇ ಉಳಿದಿದೆ ಎಂಬುದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ವಿಚಿತ್ರವೆಂದರೆ ಅದಾದ ಎರಡು ದಿನಕ್ಕೆ ಗಿರಿಜೆಯ ಅವಸರ ಇದ್ದಕ್ಕಿದ್ದಂತೆ ಇಳಿದುಹೋಯಿತು. ಅವತ್ತು ಮದುವೆ ಸೀರೆ ತರಲು ಗಾಂಧಿಬಜಾರಿಗೆ ಒಬ್ಬಳೇ ಹೋಗಿದ್ದಳು. ಮೊದಲ ಕಂತಿನ ಸೀರೆ ತಂದು, ನನಗೆ ತೋರಿಸದೆಯೇ ಬೀರುವಿನಲ್ಲಿಟ್ಟು, ಹಾಡು ಗುನುಗುತ್ತಾ ಚಹಾ ಮಾಡಿಕೊಟ್ಟಳು. “ನಿಧಾನಕ್ಕೆ ಯೋಚನೆ ಮಾಡ್ರೀ. ಅವಸರ ಮಾಡ್ಬೇಡಿ” ಎಂದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಅವಳ ಬಾಯಿಂದ ನಾನು ಇಂಥ ಮಾತು ಕೇಳಿರಲಿಲ್ಲ. ಕೊನೆಗೂ ನನ್ನ ವಿವೇಚನೆಯ ಮೇಲೆ ಇವಳಿಗೆ ನಂಬಿಕೆ ಬಂತು ಎಂದು ನನಗೆ ಬಹಳ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲಿ ಮತ್ತೆ ಐದು ದಿನ ಯೋಚಿಸಿದೆ.

ಮದುವೆಗೆ ಎರಡು ದಿನವಿರುವಾಗ ಗಿರಿಜಾ ಫೋನನ್ನೂ ಸೀರೆಗಳನ್ನೂ ಕಟ್ಟಿಕೊಂಡು ಭದ್ರಾವತಿಗೆ ಹೋದಳು. ವರಪೂಜೆಯ ದಿನ ಮಧ್ಯಾಹ್ನ ನಾನು ಅಸ್ಲಮನ ಅಂಗಡಿ ಮೆಟ್ಟಿಲು ಹತ್ತಿ, “ಅಸ್ಲಂ, ತೀರ್ಮಾನ ಮಾಡಿಬಿಟ್ಟೆ. ಒಂಟಿ ಹಾಕಿ... ಅಲ್ಲ, ತಡೀರಿ...” ಎಂದೆ. ಅವನು ಕೈ ಎತ್ತಿ ತಡೆದ. ನನ್ನ ಲ್ಯಾಪ್‌ಟಾಪು ಮುಚ್ಚಿ, ತಿರುಪು ಬಿಗಿದು, ಒರೆಸಿ ಸಿದ್ಧವಾಗಿತ್ತು. “ಹಾಕಿಬಿಟ್ಟಿದೀನಿ ಮೇಷ್ಟ್ರೇ. ದೀಪ ಹತ್ತುತ್ತೆ ನೋಡಿ.” ಗುಂಡಿ ಒತ್ತಿದ. ಇಷ್ಟು ವರ್ಷ ಕುರುಡಾಗಿದ್ದ ಆ ಪುಟ್ಟ ದೀಪ ನೀಲಿಯಾಗಿ ಹೊತ್ತಿಕೊಂಡಿತು. ನನಗೆ ಖುಷಿಯಲ್ಲಿ ಮೈ ಜುಮ್ಮೆಂದಿತು. “ಯಾವುದು ಹಾಕಿದ್ರಿ? ಅದಾ? ಇದಾ?” ಎಂದೆ. “ಅದು ಮಾತ್ರ ಹೇಳಲ್ಲ. ಹೇಳಿದ್ರೆ ಇನ್ನೊಂದು ಯಾಕೆ ಹಾಕ್ಲಿಲ್ಲ ಅಂತ ಕೇಳ್ತೀರ. ಜಲ್ದಿ ಹೋಗಿ, ಬಸ್ ಸಿಗ್ತದೆ. ಮೊದಲು ಬಂದಿದ್ದಕ್ಕೆ ಹತ್ತಿ!” ಎಂದು ಮೆಟ್ಟಿಲವರೆಗೂ ಬಂದು ಕಳಿಸಿದ.

ಸಂಜೆ ಭದ್ರಾವತಿಯ ಕಲ್ಯಾಣ ಮಂಟಪ ಮುಟ್ಟಿದ ಕೂಡಲೇ ಗಿರಿಜಾ, “ಈಗ್ಲೇ ಹಾಡು ಇಳಿಸ್ಕೊಂಡ್ಬಿಡ್ಬಾರ್ದಾ?” ಎಂದಳು. ಇಳಿಸಿಕೊಳ್ಳಬಹುದಿತ್ತು. ಆದರೆ ಮಾತು ಕೊಟ್ಟದ್ದು ಎಲ್ಲರ ಎದುರು, ಕೆಲಸವೂ ಎಲ್ಲರ ಎದುರು ಆಗಬೇಡವೇ? ದೀಪ ಹೊತ್ತುವುದನ್ನು ಭಾವಮೈದ ನೋಡಬೇಡವೇ? “ಬ್ಯಾಟರಿ ಇರೋದು ನಾಲ್ಕು ನಿಮಿಷ. ಸುಮ್ನೆ ಯಾಕೆ ಹಾಳು ಮಾಡೋದು, ನಾಳೆ ಒಂದೇ ಸಲ ಮಾಡ್ತೀನಿ” ಎಂದು ಬಹಳ ತಿಳಿದವನ ಹಾಗೆ ಹೇಳಿದೆ. ಗಿರಿಜಾ ನನ್ನ ಮುಖವನ್ನೊಮ್ಮೆ ನೋಡಿ, “ಸರಿ” ಎಂದು ಹೂವು ಕಟ್ಟಲು ಹೋದಳು.

ಮರುದಿನ ಮಾಂಗಲ್ಯಧಾರಣೆ ಆಯಿತು. ಆರತಿಗೆ ಐವರು ಮುತ್ತೈದೆಯರು ತಟ್ಟೆ ಹಿಡಿದು ನಿಂತರು. ಅಯ್ಯನವರು ಮಂತ್ರ ನಿಲ್ಲಿಸಿ ನನ್ನ ಕಡೆ ನೋಡಿದರು. ಮುಂದಿನ ಸಾಲಿನಲ್ಲಿ ಅತ್ತೆ ಜರಿಸೀರೆಯುಟ್ಟು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ನಾನು ಮೈಕ್ ಸೆಟ್ಟಿನವರ ಪಕ್ಕ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಗುಂಡಿ ಒತ್ತಿದೆ. ನೀಲಿ ದೀಪ ಹೊತ್ತಿತು. ಚಂದ್ರಣ್ಣ “ಓಹೋ” ಎಂದ. ಗಿರಿಜೆಯ ಫೋನು ಆನ್ ಮಾಡಿದೆ. ಸುತ್ತ ಯಾವ ಯಾವ ಫೋನಿದೆ ಎಂದು ಯಂತ್ರ ಹುಡುಕತೊಡಗಿತು. ಒಂದೊಂದೇ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಪರದೆಯ ಮೇಲೆ ಬಂತು. ‘ಕಿಂಗ್’. ‘ಸ್ವೀಟಿ’. ‘ಡೇಂಜರ್’. ಆಮೇಲೆ ‘ಗಿರಿಜಾ’. ಸಿಕ್ಕಿತು ಎಂದು ಬೆರಳೆತ್ತಿದೆ. ಅಷ್ಟರಲ್ಲಿ ಅದರ ಕೆಳಗೆ ಇನ್ನೊಂದು ಬಂತು. ‘ಗಿರಿಜಾ’.

ಎರಡು ಗಿರಿಜಾ! ಮೇಲಿನದು ಮೊದಲು ಬಂದದ್ದು, ನನ್ನ ಪಕ್ಕದಲ್ಲೇ ಇರುವುದು ಮೊದಲು ಬರಬೇಕಲ್ಲವೇ? ಆದರೆ ಇದು ಮುದಿ ಫೋನು, ತಡವಾಗಿ ಉತ್ತರ ಕೊಟ್ಟಿರಬಹುದಲ್ಲ? ಹಾಗಾದರೆ ಕೆಳಗಿನದು. ಆದರೆ ಒಳಗಿರುವುದು ಒಂಟಿಯಾದರೆ ವೇಗ ಹೆಚ್ಚು, ಜೋಡಿಯಾದರೆ ನಿಧಾನ, ಒಳಗೆ ಯಾವುದಿದೆಯೆಂದೇ ಗೊತ್ತಿಲ್ಲವಲ್ಲ! “ಅದಾ? ಇದಾ?” ಎಂದು ನಾನು ಗಟ್ಟಿಯಾಗಿ ಗೊಣಗಿದ್ದು ಮೈಕಿನಲ್ಲಿ ಇಡೀ ಮಂಟಪಕ್ಕೆ ಕೇಳಿತಂತೆ. ಆಚೆಯಿಂದ ಗಿರಿಜಾ, “ರೀ, ಯಾವ್ದಾದ್ರೂ ಒಂದು ಒತ್ರೀ!” ಎಂದು ಕೂಗಿದಳು. ಒತ್ತಿದೆ. ಅದೇ ಗಳಿಗೆಯಲ್ಲಿ ಕೈಯಲ್ಲಿದ್ದ ಫೋನಿನ ಪರದೆ ಕಪ್ಪಾಯಿತು. ನಾಲ್ಕು ನಿಮಿಷ ಮುಗಿದಿತ್ತು. ಮತ್ತೆ ಒತ್ತಿದರೆ ಏಳಲಿಲ್ಲ. ಆ ಫೋನು ಆಮೇಲೆ ಯಾವತ್ತೂ ಏಳಲಿಲ್ಲ.

ಅಷ್ಟರಲ್ಲಿ ಗಂಡಿನ ಕಡೆಯ ಸಾಲಿನಿಂದ, ವರನ ಸೋದರತ್ತೆ ಎದ್ದು ನಿಂತು, ಕೈಯಲ್ಲಿದ್ದ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ದೊಡ್ಡ ದನಿಯಲ್ಲಿ ಕೇಳಿದರು: “ಇದ್ಯಾರ್ರೀ ಇದು? ‘ಅದಾ ಇದಾ ಮೇಷ್ಟ್ರು’ ಅಂತೆ! ನನ್ ಜೊತೆ ಜೋಡಿ ಆಗ್ಬೇಕಂತೆ, ಹೂಂ ಅನ್ಲಾ ಊಹೂಂ ಅನ್ಲಾ ಅಂತ ಕೇಳ್ತಿದೆ!” ಆ ಹೆಂಗಸಿನ ಹೆಸರು ಗಿರಿಜಮ್ಮ ಎಂದು ಆಮೇಲೆ ತಿಳಿಯಿತು. ಗಂಡಿನ ಕಡೆಯವರು ಹೆಣ್ಣಿನ ಕಡೆಯವರು ಎಂಬ ಭೇದವಿಲ್ಲದೆ ಇಡೀ ಮಂಟಪ ನಕ್ಕಿತು. ಅಯ್ಯನವರು ಪಂಚಪಾತ್ರೆ ಕೆಳಗಿಟ್ಟು ನಕ್ಕರು. ಚೀಟಿ ಉದುರಿ ಹೋಗ್ತದೆ ಅಂತ ಮಿಷಿನ್ ಒಳಗೂ ಅದೇ ಹೆಸರು ಹಾಕಿಟ್ಟಿರ್ತೀನಿ ಎಂದು ಅಸ್ಲಂ ಹೇಳಿದ್ದು ಆಗ ನೆನಪಾಯಿತು. ಚೀಟಿಯ ಮೇಲೆ ಮರ್ಯಾದೆಗೆ ದುರ್ಗಿಗುಡಿ ಎಂದು ಬರೆದು, ಒಳಗೆ ನಿಜ ಬರೆದಿದ್ದ ಪುಣ್ಯಾತ್ಮ.

ನಗುವನ್ನಾದರೂ ತಡೆದುಕೊಳ್ಳುತ್ತಿದ್ದೆ. ತಡೆಯಲಾಗದ್ದು ಅತ್ತೆಯ ಮುಖ. ಅವರು ನಗಲಿಲ್ಲ. ಕಪ್ಪಾದ ಫೋನನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಮೆಲ್ಲಗೆ ತಮ್ಮ ಗಂಟಲಿನ ಮೇಲೆ ಕೈ ಇಟ್ಟುಕೊಂಡರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಒಬ್ಬ ಹೆಂಗಸಿನ ಜೀವಮಾನದ ಹಾಡನ್ನು ನಾನು 'ಅದಾ ಇದಾ' ಎನ್ನುತ್ತಾ ಕೊಂದುಬಿಟ್ಟಿದ್ದೆ. “ಅತ್ತೆ...” ಎಂದೆ. ಅಳು ಬಂತು. ನಲವತ್ತೈದು ವರ್ಷದ ಗಂಡಸು ಮೈಕ್ ಸೆಟ್ಟಿನ ಪಕ್ಕ ನಿಂತು ಮೂಗು ಒರೆಸಿಕೊಂಡೆ.

ಆಗ ಗಿರಿಜಾ ಎದ್ದು ಬಂದಳು. ಹೊಸ ಸೀರೆಯ ಸೆರಗು ಸರಿಮಾಡಿಕೊಂಡು, ಕೈಚೀಲದಿಂದ ಒಂದು ಸೀಡಿ ತೆಗೆದು, ಮೈಕ್ ಸೆಟ್ಟಿನವರಿಗೆ ಕೊಟ್ಟು, ಏನೂ ಆಗಿಲ್ಲವೆಂಬಂತೆ ಹೋಗಿ ಆರತಿ ತಟ್ಟೆ ಹಿಡಿದುಕೊಂಡಳು. ಎರಡು ಕ್ಷಣ ಗರಗರ ಎಂದಿತು. ಆಮೇಲೆ ಮಂಟಪದ ನಾಲ್ಕೂ ಮೂಲೆಯಿಂದ ಗೌರಮ್ಮನವರ ದನಿ ಎದ್ದು ಬಂತು. ಆಪರೇಷನ್ನಿಗೆ ಮುಂಚಿನ ದನಿ, ತುಂಬಿದ ದನಿ. ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದ ಇಬ್ಬರು ಬಂದು ನಿಂತರು. ಅತ್ತೆಯ ಪಕ್ಕದ ಮನೆಯ ತಮಿಳಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. ಶ್ವೇತಾ ಬಾಸಿಂಗ ಕಟ್ಟಿಕೊಂಡೇ ಅಜ್ಜಿಯ ಕಡೆ ತಿರುಗಿ ಬಿಕ್ಕಿದಳು. ಅತ್ತೆ ತಮ್ಮ ದನಿಯನ್ನು ತಾವೇ ಕಣ್ಣು ಮುಚ್ಚಿ, ತುಟಿಯಾಡಿಸುತ್ತಾ ಪೂರ್ತಿ ಕೇಳಿದರು. ಮುಗಿದ ಮೇಲೆ ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು: “ಎರಡನೇ ನುಡೀಲಿ ಒಂದು ಸಾಲು ಬಿಟ್ಟಿದೀನಿ. ಯಾರಿಗೂ ಹೇಳ್ಬೇಡಿ, ಅದಾ ಇದಾ ಮೇಷ್ಟ್ರೇ.” ಹೇಳಿ, ಸದ್ದೇ ಇಲ್ಲದೆ ಹೊಟ್ಟೆ ಕುಲುಕಿಸಿ ನಕ್ಕರು.

ಊಟದ ಪಂಕ್ತಿಯಲ್ಲಿ ಗಿರಿಜೆಯನ್ನು ಹಿಡಿದೆ. ಮೊದಲ ಸಲ ಸೀರೆ ತರಲು ಹೋದ ದಿನ ಅವಳು ಅಸ್ಲಮನ ಅಂಗಡಿ ಹತ್ತಿ ಫೋನು ಕೊಟ್ಟಿದ್ದಳಂತೆ. ಹೆಬ್ಬೆರಳಷ್ಟರ ಆ ಹೊರಗಿನ ಹಲ್ಲನ್ನು ತನ್ನ ಕಂಪ್ಯೂಟರಿಗೆ ಚುಚ್ಚಿ ಅವನು ಮೂರು ನಿಮಿಷದಲ್ಲಿ ಹಾಡು ಇಳಿಸಿ ಸೀಡಿ ಮಾಡಿಕೊಟ್ಟನಂತೆ. “ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?” ಎಂದೆ, ಕೋಪದಲ್ಲಿ ಹೋಳಿಗೆ ಗಂಟಲಲ್ಲಿ ಸಿಕ್ಕಿಕೊಂಡಿತು. “ಹೇಳಿದ್ರೆ ನೀವು ಖಾಲಿ ಆಗ್ತಿದ್ರಿ. ಖಾಲಿ ಆದ್ರೆ ಉಳಿದ ಸೀರೆ ತರೋಕೆ ನನ್ ಜೊತೆ ಅಂಗಡಿಗೆ ಬರ್ತಿದ್ರಿ” ಎಂದಳು ಗಿರಿಜಾ, ನನ್ನೆಲೆಗೆ ತುಪ್ಪ ಬಡಿಸುತ್ತಾ. “ಆ ಎರಡು ಕಾರ್ಡು ನಿಮ್ಮನ್ನ ಹಿಡಿದಿಟ್ಟುಕೊಂಡಿದ್ದಕ್ಕೇ ನಂಗೆ ಈ ಸಲ ನಾಲ್ಕು ಸೀರೆ ಸಿಕ್ಕಿದ್ದು.”

ಮನೆಗೆ ಬಂದವನೇ ಮಾಡಿದ ಮೊದಲ ಕೆಲಸ ಲ್ಯಾಪ್‌ಟಾಪ್ ತೆರೆದು ಕೂತದ್ದು. ಹೆಸರು ಬದಲಾಯಿಸುವ ಜಾಗವನ್ನು ಹೇಗೋ ಹುಡುಕಿದೆ. ಹೊಸ ಹೆಸರು ಬರೆಯಲು ಖಾಲಿ ಪೆಟ್ಟಿಗೆ ತೆರೆದುಕೊಂಡಿತು. ‘ದುರ್ಗಿಗುಡಿ ಮೇಷ್ಟ್ರು’ ಚೆನ್ನಾಗಿದೆ, ಸರಳ. ‘ಕನ್ನಡ ಪಂಡಿತ’ವೂ ಚೆನ್ನಾಗಿದೆ, ಗೌರವ. ಅರ್ಧ ಗಂಟೆ ಕೂತೆ. ಕೊನೆಗೆ ಒಳಗಿದ್ದ ಗಿರಿಜೆಗೆ ಎರಡನ್ನೂ ಓದಿ ಹೇಳಿ, “ಅದಾ ಇಡ್ಲಾ? ಇದಾ ಇಡ್ಲಾ?” ಎಂದು ಕೇಳಿದೆ. “ಇರೋದೇ ಚೆನ್ನಾಗಿದೆ, ಅದನ್ನೇ ಬಿಡಿ” ಎಂದು ಒಳಗಿನಿಂದ ಉತ್ತರ ಬಂತು. ನಾನು ಪರದೆಯನ್ನೇ ನೋಡುತ್ತಾ ಕೂತೆ. ಅಲ್ಲಿಗೆ ಮೂರಾಯಿತಲ್ಲ! ಎರಡರ ಅಭ್ಯಾಸವೇನೋ ನನಗಿದೆ, ಮೂರರದು ಇಲ್ಲ. ಆ ಯಂತ್ರ ಗುಜರಿಗೆ ಹೋಗುವವರೆಗೂ ಆ ಪೆಟ್ಟಿಗೆಯನ್ನು ನಾನು ಮತ್ತೆ ತೆರೆಯಲಿಲ್ಲ.